ಬಲೆ ಎಳೆಯುವವನ ಇನ್ಸುಲಿನ್ ಹೊತ್ತು

ಮಾತಾಡುವವರು ಇಬ್ಬರು. ಒಬ್ಬರು ದೊಡ್ಡ ಆಸ್ಪತ್ರೆಯೊಂದರ ಡಯಾಬಿಟಿಸ್ ವಿಭಾಗದಲ್ಲಿ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ಗಂಗೊಳ್ಳಿಯ ಮನೆಗೆ ಮರಳಿದವರು, ಕೇರಿಗೆಲ್ಲ ‘ಸಿಸ್ಟರ್’. ಇನ್ನೊಬ್ಬ ಸುತ್ತುಬಲೆಯ ಪರ್ಸಿನ್ ಬೋಟಿನ ಕಲಾಸಿ, ಇಪ್ಪತ್ತೆರಡರ ಹುಡುಗ, ಹೈಸ್ಕೂಲಿನಲ್ಲಿದ್ದಾಗಿನಿಂದ ಟೈಪ್ ಒನ್. ಅವನ ಮನೆಮಾತು ಕೊಂಕಣಿ, ಸಿಸ್ಟರದ್ದು ಕುಂದಾಪ್ರ ಕನ್ನಡ. ಘಟ್ಟದ ಮೇಲಿನವರಿಗೂ ಓದಲು ಬರಲಿ ಎಂದು ಅರ್ಧದಷ್ಟನ್ನು ನಾನೇ ಪುಸ್ತಕದ ಕಡೆಗೆ ವಾಲಿಸಿದ್ದೇನೆ.

— ಸಿಸ್ಟರ್, ಒಂದೇ ಪ್ರಶ್ನೆ. ರಾತ್ರಿ ಹತ್ತಕ್ಕೆ ಚುಚ್ಚುವ ಲಾಂಗ್ ಆಕ್ಟಿಂಗ್ ಇನ್ಸುಲಿನ್ ಬೆಳಿಗ್ಗೆ ಚುಚ್ಚಿದ್ರೆ ಆಗ್ತದಾ ಇಲ್ಲವಾ? ಅಷ್ಟು ಹೇಳಿ, ನಾನು ಹೊರಟೆ.

— ಕೂತ್ಕೋ ಮಾರಾಯ. ಬೆಳಿಗ್ಗೆಯೇ ಆಗಬೇಕು ಅಂತ ಎಂತಕ್ಕೆ?

— ಬಲೆ ಎಳೆಯುವಾಗ ಶುಗರ್ ಲೋ ಆಗ್ತದೆ. ಕೈ ನಡುಗ್ತದೆ, ಬೆವರು ಕಿತ್ತುಕೊಂಡು ಬರ್ತದೆ. ಬಿಸಿಲಿಗೆ ಬೆವರಿದ್ದು ಅಂತ ಉಳಿದವರು ತಿಳ್ಕೊಳ್ತಾರೆ. ರಾತ್ರಿ ಹಾಕಿದ್ದು ಬೆಳಿಗ್ಗೆ ಜೋರಾಗ್ತದೆ, ಅದಕ್ಕೇ ಹೀಗೆ, ಬೆಳಿಗ್ಗೆಗೆ ಬದಲಿಸು ಅಂತ ಯಾರೋ ಹೇಳಿದ್ರು.

— ಯಾರೋ ಅಂದರೆ ಡಾಕ್ಟ್ರಾ?

— ಅಲ್ಲ. ಅವರ ಅಪ್ಪನಿಗೆ ಶುಗರ್ ಇತ್ತು.

— ಸರಿ ಹೋಯ್ತು. ಅವರ ಅಪ್ಪನದ್ದು ಅರವತ್ತರಲ್ಲಿ ಬಂದ ಶುಗರ್. ಅವರ ಮೈ ಸ್ವಲ್ಪವಾದ್ರೂ ಇನ್ಸುಲಿನ್ ಮಾಡ್ತದೆ. ನಿನ್ನದು ಸೊನ್ನೆ. ನೀನು ಊಟ ಮಾಡು, ಉಪವಾಸ ಇರು, ಮಲಗು, ಲಾಂಗ್ ಆಕ್ಟಿಂಗ್ ಮಾತ್ರ ಒಳಗೆ ಓಡ್ತಾ ಇರಬೇಕು. ಬೋಟು ದಕ್ಕೆಯಲ್ಲಿ ನಿಂತಿದ್ರೂ ಎಂಜಿನ್ ನ್ಯೂಟ್ರಲ್‌ನಲ್ಲಿ ಓಡುವ ಹಾಗೆ. ಲಿವರ್ ಇಪ್ಪತ್ನಾಲ್ಕು ಗಂಟೆಯೂ ರಕ್ತಕ್ಕೆ ಸಕ್ಕರೆ ಬಿಡ್ತಾನೇ ಇರ್ತದೆ, ಅದನ್ನು ಹಿಡಿದಿಡುವುದು ಇದರ ಕೆಲಸ. ಊಟದ ಸಕ್ಕರೆಗೆ ನೀನು ಬೇರೆ ಚುಚ್ಚುತ್ತೀಯಲ್ಲ, ಆ ರ‍್ಯಾಪಿಡ್. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡ. ಪುಸ್ತಕ ತಂದಿದ್ದೀಯಾ?

— ಶುಗರ್ ಬರೆದ ಪುಸ್ತಕ? ಮೊಬೈಲಲ್ಲಿ ಇತ್ತು.

— ತೋರಿಸು.

ಇಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಸಿಸ್ಟರ್ ಕನ್ನಡಕ ಹಾಕಿಕೊಂಡು ಮೊಬೈಲನ್ನು ಮೇಲೆ ಕೆಳಗೆ ಸರಿಸುತ್ತಾರೆ. ವೈದ್ಯರ ಚೇಂಬರಿನಲ್ಲಿ ಹತ್ತು ನಿಮಿಷಕ್ಕೆ ಸಿಗದ ಸಂಗತಿ ಇಂಥ ಜಗಲಿಗಳಲ್ಲಿ ಸಿಗುತ್ತದೆ ಎನ್ನುವುದು ನನ್ನ ಅನಿಸಿಕೆ. ವೈದ್ಯರಿಗೆ ಗೊತ್ತಿಲ್ಲವೆಂದಲ್ಲ, ಅವರಿಗೆ ಪುರುಸೊತ್ತಿಲ್ಲ.

— ಇದೆಂತ, ಮಂಗಳವಾರ ಬೆಳಗಿನ ಜಾವ 291?

— ಹಿಂದಿನ ರಾತ್ರಿ ಚುಚ್ಚಿರಲಿಲ್ಲ. ಬೋಟ್ ಬಂದದ್ದೇ ಎಂಟಕ್ಕೆ. ಉಂಡು ಹಾಗೇ ನಿದ್ದೆ ಬಂತು. ಮೂರೂವರೆಗೆ ಎದ್ದಾಗ ನೆನಪಾಯ್ತು, ಆವಾಗ ಚುಚ್ಚಿ ಹೊರಟೆ.

— ಪೂರ್ತಿ ಡೋಸ್?

— ಪೂರ್ತಿ. ಇಪ್ಪತ್ತು ಯೂನಿಟ್.

— ಮಂಗಳವಾರ ರಾತ್ರಿ?

— ಹತ್ತಕ್ಕೆ. ಸರಿಯಾದ ಹೊತ್ತಿಗೇ.

— ಬುಧವಾರ ಬೆಳಿಗ್ಗೆ ಆರೂವರೆಗೆ 58.

— ಹೌದು, ಬಲೆ ಎಳೆಯುವಾಗ.

— ಇಲ್ಲಿ ಕಾಣ್. ಶನಿವಾರ ಮತ್ತೆ ಬೆಳಗಿನ ಜಾವ ಚುಚ್ಚಿದ್ದು, ಭಾನುವಾರ ಲೋ. ಮುಂದಿನ ವಾರವೂ ಅದೇ ಕಥೆ. ನಿನಗೆ ಲೋ ಆದದ್ದೆಲ್ಲ ತಡ ಮಾಡಿ ಚುಚ್ಚಿದ್ದರ ಮರುದಿನ. ಒಂದು ದಿನ ಐದೂವರೆ ಗಂಟೆ ಇನ್ಸುಲಿನ್ ಇಲ್ಲದೆ ಮೈ ಖಾಲಿ, ಶುಗರ್ ಏರಿತು. ಮರುದಿನ ಹದಿನೆಂಟೂವರೆ ಗಂಟೆಗೇ ಇನ್ನೊಂದು ಡೋಸ್ ಬಿತ್ತು, ಹಳೆಯದರ ಮೇಲೆ ಹೊಸದು. ಆ ಹೊರೆ ಹೊತ್ತುಕೊಂಡು ನೀನು ಬಲೆ ಎಳೆಯಲಿಕ್ಕೆ ನಿಂತದ್ದು. ತಪ್ಪು ರಾತ್ರಿ ಹತ್ತು ಗಂಟೆಯದ್ದಲ್ಲ, ಹತ್ತು ಗಂಟೆ ಒಂದೊಂದು ದಿನ ಮೂರೂವರೆ ಆಗುವುದರದ್ದು.

— ಹಾಗಾದ್ರೆ ಮೂರೂವರೆಗೇ ಗಟ್ಟಿ ಮಾಡಿದ್ರೆ ಆಯ್ತಲ್ಲ? ಎದ್ದೇ ಏಳ್ತೆ.

— ಬೋಟಿಗೆ ಹೋಗುವ ದಿನ ಏಳ್ತೀಯ. ಗಾಳಿ ಎದ್ದು ಬೋಟೆಲ್ಲ ಹೊಳೆಯೊಳಗೆ ಕಟ್ಟಿದ ದಿನ? ಜೂನ್ ಒಂದರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, 61 ದಿನ. ಆ ಎರಡು ತಿಂಗಳು ಜಡಿಮಳೆಯಲ್ಲಿ ಮೂರೂವರೆಗೆ ಎದ್ದು ಚುಚ್ಚಿಕೊಳ್ತೀಯಾ?

— ಆ ಮಳೆಗೆ ಏಳುಗಂಟೆಗೂ ಎಚ್ಚರಾಗುದಿಲ್ಲೆ.

— ಅಷ್ಟೇ ನಾನು ಕೇಳುದು. ಯಾವ ಹೊತ್ತಿಗೆ ಅಂತ ಕೇಳುವ ಮುಂಚೆ, ವರ್ಷದ ಮುನ್ನೂರೈವತ್ತು ದಿನವಾದ್ರೂ ನೀನು ಎಚ್ಚರ ಇದ್ದು, ಕೈಯಲ್ಲಿ ಪೆನ್ ಇರುವ ಹೊತ್ತು ಯಾವುದು ಅಂತ ಕಾಣಬೇಕು. ಔಷಧಿಯ ಗುಣ ಆಮೇಲೆ.

— ಆದ್ರೆ ಬೆಳಿಗ್ಗೆ ಹಾಕಿದ್ರೆ ರಾತ್ರಿ ಲೋ ಕಡಿಮೆ ಅಂತ ನಾನೂ ಓದಿದ್ದೇನೆ. ಸುಳ್ಳಾ?

— ಸುಳ್ಳಲ್ಲ. 2003ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು. ಟೈಪ್ ಒನ್ ಇರುವ 378 ಜನಕ್ಕೆ ಗ್ಲಾರ್ಜಿನ್, ಅದೇ ನೀನು ಹಾಕುವ ಲಾಂಗ್ ಆಕ್ಟಿಂಗ್, ಕೊಟ್ಟು, ಕೆಲವರಿಗೆ ಬೆಳಗಿನ ತಿಂಡಿ ಹೊತ್ತಿಗೆ, ಕೆಲವರಿಗೆ ರಾತ್ರಿ ಊಟದ ಹೊತ್ತಿಗೆ, ಕೆಲವರಿಗೆ ಮಲಗುವಾಗ. ಮೂರು ತಿಂಗಳ ಸರಾಸರಿ, ಅದೇ ಎ1ಸಿ, ಮೂರು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ಬಂತು. ಆದರೆ ರಾತ್ರಿ ಲೋ ಆದವರು ಬೆಳಗಿನ ಗುಂಪಿನಲ್ಲಿ ನೂರಕ್ಕೆ ಅರವತ್ತರ ಹತ್ತಿರ, ಊಟದ ಗುಂಪಿನಲ್ಲಿ 72ರ ಹತ್ತಿರ, ಮಲಗುವ ಗುಂಪಿನಲ್ಲಿ 78ರ ಹತ್ತಿರ.

— ಕಂಡ್ರಾ! ಮತ್ತೆ ನನಗೆ ಮಾತ್ರ ಎಂತಕ್ಕೆ ಬೇಡ?

— ಅವರ ರಾತ್ರಿ ಬೇರೆ, ನಿನ್ನ ರಾತ್ರಿ ಬೇರೆ. ಗ್ಲಾರ್ಜಿನ್ ನೆಟ್ಟಗೆ ಒಂದೇ ಮಟ್ಟದಲ್ಲಿ ಕೆಲಸ ಮಾಡ್ತದೆ ಅಂತಾರೆ. ಬಹುಮಟ್ಟಿಗೆ ಹೌದು. ಬಾಟಲಿಯಲ್ಲಿ ಅದು ಹುಳಿ ದ್ರಾವಣ, ನೀರಿನ ಹಾಗೆ ತಿಳಿ. ಚರ್ಮದಡಿ ಹೋದ ಕೂಡಲೇ ಹುಳಿ ಕಳ್ಕೊಂಡು ಸಣ್ಣ ಹರಳಾಗಿ ಕೂರ್ತದೆ, ಅಲ್ಲಿಂದ ನಿಧಾನ ಕರಗಿ ರಕ್ತಕ್ಕೆ ಹೋಗ್ತದೆ. ಆದರೂ ಕೆಲವರಿಗೆ ನಡುವಿನ ಗಂಟೆಗಳಲ್ಲಿ ಸ್ವಲ್ಪ ಜೋರು, ಕೊನೆಯ ಮೂರು ನಾಲ್ಕು ಗಂಟೆ ಸಪ್ಪೆ. ಬೆಳಿಗ್ಗೆ ಚುಚ್ಚುವ ಗುಮಾಸ್ತನಿಗೆ ಆ ಜೋರು ಮಧ್ಯಾಹ್ನ ಬರ್ತದೆ, ಅವ ಫ್ಯಾನಿನಡಿ ಕುರ್ಚಿಯಲ್ಲಿ ಕೂತಿರ್ತಾನೆ. ನೀನು ಮೂರೂವರೆಗೆ ಚುಚ್ಚಿದ್ರೆ ಆ ಜೋರು ಬರುವುದು ನೀನು ಅಳಿವೆ ದಾಟಿ, ಬಲೆ ಬಿಟ್ಟು, ಮೂವತ್ತು ಜನರ ಜೊತೆ ಹಗ್ಗ ಹಿಡಿದು ನಿಂತಾಗ. ಅಧ್ಯಯನದಲ್ಲಿ ಬಲೆ ಎಳೆಯುವವರ ಗುಂಪು ಇರಲಿಲ್ಲ.

— ಅಂದ್ರೆ ರಾತ್ರಿಯೇ ಇರ್ಲಿ ಅಂತೀರಾ?

— ಹತ್ತು ಗಂಟೆ ಬೇಡ. ಸಂಜೆ. ನಿಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುದು ಯಾರು?

— ಆಯಿ.

— ಎಷ್ಟು ಗಂಟೆಗೆ?

— ಗಂಟೆ ಯಾರು ಕಾಂತಾರೆ? ಹೊತ್ತು ಮುಳುಗುವಾಗ.

— ನಮ್ಮ ಈ ಕರಾವಳಿಯಲ್ಲಿ ಹೊತ್ತು ಮುಳುಗುದು ವರ್ಷವಿಡೀ ಆರು ಗಂಟೆಗೂ ಏಳು ಗಂಟೆ ಚಿಲ್ಲರೆಗೂ ನಡುವೆ. ನವೆಂಬರಿನಲ್ಲಿ ಬೇಗ, ಜುಲೈಯಲ್ಲಿ ತಡ. ಒಂದು ಗಂಟೆಯ ವ್ಯತ್ಯಾಸ, ಅದೂ ಆರು ತಿಂಗಳಲ್ಲಿ ದಿನಕ್ಕೊಂದಿಷ್ಟು ಸರಿದು ಆಗುವುದು. ಗ್ಲಾರ್ಜಿನ್ ಅಷ್ಟನ್ನು ತಾಳಿಕೊಳ್ತದೆ. ಅಲಾರಂ ಆಫ್ ಮಾಡಿ ಮಲಗಬಹುದು, ನಿನ್ನ ಆಯಿಯ ದೀಪ ಆಫ್ ಮಾಡ್ಲಿಕ್ಕೆ ಬರುದಿಲ್ಲ. ಸೀಸನ್ನಿಗೂ ಅದೇ, ಮಳೆಗಾಲಕ್ಕೂ ಅದೇ.

— ಆಯಿ ಆಮೇಲೆ ದಿನಾ ಕೇಳ್ಲಿಕ್ಕೆ ಸುರು ಮಾಡ್ತಾಳೆ. ಚುಚ್ಚಿದ್ಯಾ, ಚುಚ್ಚಿದ್ಯಾ ಅಂತ.

— ಕೇಳ್ಲಿ. ಹತ್ತು ಗಂಟೆಗೆ ಅವಳೂ ಮಲಗಿರ್ತಾಳೆ, ಕೇಳುವವರು ಯಾರೂ ಇಲ್ಲ, ಅದಕ್ಕೇ ಮರೆತು ಹೋಗುದು.

— ಸಂಜೆಗೆ ಹಾಕಿದ್ರೆ ಜೋರು ನಡುರಾತ್ರಿಗೆ ಬರುದಿಲ್ವಾ? ನಿದ್ದೆಯಲ್ಲಿ ಲೋ ಆದ್ರೆ?

— ಇದು ಒಳ್ಳೆ ಪ್ರಶ್ನೆ. ಬರಬಹುದು. ಹಾಗಾಗಿ ಮೊದಲು ಡೋಸ್ ಸರಿ ಇದೆಯಾ ನೋಡಬೇಕು. ಒಂದು ರಾತ್ರಿ ಬೇಗ ಉಂಡು, ರ‍್ಯಾಪಿಡ್‌ನ ಕೆಲಸ ಮುಗಿದ ಮೇಲೆ, ಹತ್ತು ಗಂಟೆಗೆ ಒಮ್ಮೆ ಬೆರಳು ಚುಚ್ಚಿ ನೋಡು. ಆಮೇಲೆ ಒಂದಕ್ಕೆ, ನಾಲ್ಕಕ್ಕೆ, ಎದ್ದಾಗ. ನಡುವೆ ಏನೂ ತಿನ್ನಬಾರದು, ಲೋ ಆದ್ರೆ ಮಾತ್ರ ಬೇರೆ, ಪರೀಕ್ಷೆ ಬಿಟ್ಟು ಸಕ್ಕರೆ ತಿನ್ನಬೇಕು. ಮಲಗುವಾಗ 150 ಇದ್ದದ್ದು ಬೆಳಿಗ್ಗೆ 130, 170, ಹೀಗೆ ಮೂವತ್ತರೊಳಗೆ ಆಚೀಚೆ ಆದ್ರೆ ಡೋಸ್ ಸರಿ. 150 ಇದ್ದದ್ದು ಎಪ್ಪತ್ತಕ್ಕೆ ಇಳಿದ್ರೆ ಡೋಸ್ ಜಾಸ್ತಿ. ಜಾಸ್ತಿ ಡೋಸನ್ನು ಬೆಳಿಗ್ಗೆ ಹಾಕಿದ್ರೂ ಜಾಸ್ತಿಯೇ, ಲೋ ಆಗುವ ಜಾಗ ಮಾತ್ರ ಬದಲಾಗ್ತದೆ.

— ನಂದು ನಾಲ್ಕರಿಂದ ಆಮೇಲೆ ಏರ್ತದೆ. ರಜೆಯಲ್ಲಿ ಮಲಗಿದ್ರೂ ಏರ್ತದೆ.

— ಅದು ಬೆಳಗಿನ ಜಾವದ ಏರಿಕೆ. ಮೈ ಏಳುವ ತಯಾರಿ ಮಾಡ್ತದೆ, ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಇವೆಲ್ಲ ಸೇರಿ ಲಿವರಿನಿಂದ ಸಕ್ಕರೆ ಹೊರಡಿಸ್ತವೆ. ಹರೆಯದವರಲ್ಲಿ ಹೆಚ್ಚು. ಬೆಳಿಗ್ಗೆ ಹಾಕುವವರಿಗೆ ಆ ಹೊತ್ತಿಗೆ ಇನ್ಸುಲಿನ್ ಬಾಲಕ್ಕೆ ಬಂದಿರ್ತದೆ, ಶುಗರ್ ಇನ್ನೂ ಏರ್ತದೆ. ಸಂಜೆ ಹಾಕಿದ್ರೆ ಆ ಹೊತ್ತಿಗೆ ಮೈಯಲ್ಲಿ ಬಲ ಇರ್ತದೆ. ನಿನಗೆ ಸಂಜೆ ಅಂತ ನಾನು ಹೇಳುದಕ್ಕೆ ಇದೂ ಒಂದು ಕಾರಣ. ಇಪ್ಪತ್ನಾಲ್ಕು ಗಂಟೆ ಮುಟ್ಟದವರಿಗೆ ಡಾಕ್ಟ್ರು ಎರಡು ಪಾಲು ಮಾಡಿ ಹನ್ನೆರಡು ಗಂಟೆಗೊಮ್ಮೆ ಕೊಡುದೂ ಇದೆ. ನಿನಗೆ ಬೇಡ. ಒಂದು ನೆನಪಿಡದವ ಎರಡು ನೆನಪಿಡುದಿಲ್ಲ.

ಹುಡುಗ ನಗುತ್ತಾನೆ. ಟೈಪ್ ಒನ್‌ನ ಹುಡುಗರಿಗೆ ಬುದ್ಧಿ ಹೇಳುವವರು ಬಹಳ, ನಗಿಸುವವರು ಕಡಿಮೆ.

— ಹೊಸದು ಎಂತದೋ ಬಂದಿದೆಯಂತೆ, ಯಾವ ಹೊತ್ತಿಗೆ ಹಾಕಿದ್ರೂ ಆಗ್ತದಂತೆ.

— ಡೆಗ್ಲುಡೆಕ್. ಟ್ರೆಸಿಬಾ ಅಂತ ಬರ್ತದೆ. ಅದು 42 ಗಂಟೆಗೂ ಮೇಲೆ ಕೆಲಸ ಮಾಡ್ತದೆ, ದೊಡ್ಡವರು ಒಂದು ದಿನ ಹೊತ್ತು ತಪ್ಪಿದ್ರೆ ನೆನಪಾದಾಗ ಹಾಕಬಹುದು, ಎರಡು ಡೋಸಿನ ನಡುವೆ ಕಡಿಮೆ ಅಂದ್ರೆ ಎಂಟು ಗಂಟೆ ಬಿಡಬೇಕು. ನಿನ್ನಂಥವನಿಗೆ ಹೇಳಿ ಮಾಡಿಸಿದ್ದು. ಕ್ರಯ ಜಾಸ್ತಿ. ಗ್ಲಾರ್ಜಿನ್ನಿಗಾದ್ರೆ ನಮ್ಮ ಬೆಂಗಳೂರಿನ ಬಯೋಕಾನ್‌ನವರು 2009ರಲ್ಲಿ ತಂದ ಬಸಲಾಗ್ ಇದೆ. ಡೆಗ್ಲುಡೆಕ್ ಬಗ್ಗೆ ಡಾಕ್ಟ್ರ ಹತ್ತಿರ ಕೇಳು, ಕೈಗೆಟಕಿದ್ರೆ ಬದಲಿಸು. ಆದ್ರೆ ಅದನ್ನು ನಂಬಿ ಉಡಾಫೆ ಮಾಡಿದ್ರೆ ಅದೂ ಕೈ ಕೊಡ್ತದೆ.

— ವಾರಕ್ಕೊಂದೇ ಸಲದ್ದು? ನಾನು ಮುಂದಿನ ಸೀಸನ್ನಿಗೆ ಆಳಸಮುದ್ರದ ಟ್ರಾಲ್ ಬೋಟಿಗೆ ಹೋಪ ಅಂತಿದ್ದೇನೆ. ವಾರ ಹತ್ತು ದಿನ ಸಮುದ್ರದಲ್ಲೇ.

— ಐಕೋಡೆಕ್. ಟೈಪ್ ಟುಗೆ ಅಡ್ಡಿಲ್ಲೆ ಅಂತ ಕೆಲವು ದೇಶದಲ್ಲಿ ಒಪ್ಪಿದ್ದಾರೆ. ಟೈಪ್ ಒನ್ ಇರುವವರ ಮೇಲೆ ಪರೀಕ್ಷೆ ಮಾಡಿದಾಗ ದಿನಾ ಹಾಕುವ ಡೆಗ್ಲುಡೆಕ್‌ಗಿಂತ ಲೋ ಹೆಚ್ಚು ಕಂಡಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಸಲಹಾ ಸಮಿತಿಯಲ್ಲಿ ಹೆಚ್ಚಿನವರು ಟೈಪ್ ಒನ್‌ಗೆ ಇದು ಬೇಡ ಅಂದರು. ಒಮ್ಮೆ ಚುಚ್ಚಿದ್ರೆ ವಾರ ಪೂರ್ತಿ ಒಳಗೇ ಇರ್ತದೆ, ನಾಳೆ ಬಲೆ ಎಳೆಯುದಿದೆ ಅಂತ ಇವತ್ತು ಕಡಿಮೆ ಮಾಡುವ ಹಾಗಿಲ್ಲ. ನಿನ್ನ ಕೆಲಸಕ್ಕೆ ಅದು ಅಪಾಯ.

— ಮೊದಲೆಲ್ಲ ಎಂತ ಮಾಡ್ತಿದ್ರು? ಹೀಗೆ ಇಪ್ಪತ್ನಾಲ್ಕು ಗಂಟೆಯದ್ದು ಇರಲಿಲ್ಲ ಅಲ್ದಾ?

— 1922ರಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಚುಚ್ಚಿದ ಮೇಲೆ ಸುಮಾರು ವರ್ಷ, ಕೆಲವೇ ಗಂಟೆ ನಡೆಯುವ ಇನ್ಸುಲಿನ್ನೇ. ರಾತ್ರಿ ಎಬ್ಬಿಸಿ ಚುಚ್ಚುದೂ ಇತ್ತು. 1936ರಲ್ಲಿ ಡೆನ್ಮಾರ್ಕಿನ ಹಗೆಡಾರ್ನ್ ಅನ್ನುವ ಡಾಕ್ಟ್ರು ಅದನ್ನು ನಿಧಾನ ಮಾಡುವ ದಾರಿ ಕಂಡುಹಿಡಿದ್ರು. ಎಂತ ಬೆರೆಸಿದ್ರು ಗೊತ್ತಾ? ಟ್ರೌಟ್ ಅಂತ ಒಂದು ಮೀನು, ಆ ಗಂಡು ಮೀನಿನ ಬೀಜದಿಂದ ತೆಗೆದ ಪ್ರೋಟಮಿನ್.

— ಮೀನಿಂದಾ? ಹೌದಾ ಸಿಸ್ಟರ್?

— ಹೌದು ಮಾರಾಯ, ಮೀನಿಂದ. ಈಗಲೂ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಹಾಲಿನ ಹಾಗೆ ಬೆಳ್ಳಗಿರುವ ಇನ್ಸುಲಿನ್ ಇದೆಯಲ್ಲ, ಎನ್‌ಪಿಎಚ್, ಅದರ ‘ಪಿ’ ಈ ಪ್ರೋಟಮಿನ್. ‘ಎಚ್’ ಹಗೆಡಾರ್ನ್. ಅದಕ್ಕಾದ್ರೆ ಹೊತ್ತು ಬಹಳ ಮುಖ್ಯ. ಚುಚ್ಚಿದ ನಾಲ್ಕು ಗಂಟೆಯಿಂದ ಮೇಲೆ ಅದಕ್ಕೆ ದೊಡ್ಡ ಶಿಖರವೇ ಇದೆ. ರಾತ್ರಿ ಎಂಟಕ್ಕೆ ಚುಚ್ಚಿದವರಿಗೆ ನಡುರಾತ್ರಿ ಎರಡಕ್ಕೆ ಲೋ ಆದದ್ದು ನಾನು ಎಷ್ಟೋ ಕಂಡಿದ್ದೇನೆ. ಹೊತ್ತಿನ ಬಗ್ಗೆ ನಮ್ಮ ಕಡೆಯವರಿಗೆ ಇರುವ ಹೆದರಿಕೆಯೆಲ್ಲ ಆ ಕಾಲದ್ದು. ನಿನ್ನ ಆ ಯಾರೋ ಹೇಳಿದ್ದೂ ಅದನ್ನೇ ಇರಬೇಕು.

— ಬೋಟಲ್ಲಿ ಇಡುದು ಹೇಗೆ ಸಿಸ್ಟರ್? ಕ್ಯಾಬಿನ್ನಿನಲ್ಲಿ ಎಂಜಿನ್ ಸೆಕೆ. ನಾನು ಐಸ್ ಹಾಕುವ ಸ್ಟೋರೇಜಿನಲ್ಲಿ ಮೀನಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆ.

— ಅಯ್ಯೋ ದೇವರೇ. ಐಸ್ ಮುಟ್ಟಿ ಗಡ್ಡೆ ಕಟ್ಟಿದ ಇನ್ಸುಲಿನ್ ಸತ್ತ ಹಾಗೆ. ಕರಗಿದ ಮೇಲೆ ನೋಡಲು ಮೊದಲಿನ ಹಾಗೆಯೇ ತಿಳಿ ಕಾಣ್ತದೆ, ಕೆಲಸ ಮಾಡುದಿಲ್ಲ. ಆ ಪೆನ್ ಇನ್ನೂ ಇದ್ರೆ ಇವತ್ತೇ ಬಿಸಾಡು. ಬಳಸಲು ಸುರು ಮಾಡಿದ ಗ್ಲಾರ್ಜಿನ್ ಪೆನ್ನಿಗೆ ಫ್ರಿಜ್ ಬೇಕಾಗಿಲ್ಲ. ಮೂವತ್ತು ಡಿಗ್ರಿಯೊಳಗೆ 28 ದಿನ ಇರ್ತದೆ. ನಮ್ಮ ಮಾರ್ಚ್ ಏಪ್ರಿಲ್‌ನ ಬೋಟಿನಲ್ಲಿ ಮೂವತ್ತು ಎಲ್ಲಿಂದ ಬರಬೇಕು? ಒಂದು ಸಣ್ಣ ಮಣ್ಣಿನ ಮಡಕೆ ತಗೋ, ಹೊರಗೆ ಒದ್ದೆ ಬಟ್ಟೆ ಸುತ್ತು, ಒಳಗೆ ಡಬ್ಬದಲ್ಲಿ ಪೆನ್. ಗಾಳಿ ಆಡುವ ನೆರಳಿಗೆ ಇಡು. ಎಂಜಿನ್ ಹತ್ತಿರ ಬೇಡ, ಐಸ್ ಹತ್ತಿರ ಬೇಡ. ಬೋಟು ತಡವಾಗುವ ದಿನಕ್ಕೂ ಪೆನ್ ನಿನ್ನ ಜೊತೆಯಲ್ಲೇ ಇದ್ದ ಹಾಗಾಯ್ತು. ದೀಪದ ಹೊತ್ತಿಗೆ ದಕ್ಕೆ ಮುಟ್ಟದಿದ್ರೆ ಬೋಟಿನಲ್ಲೇ ಚುಚ್ಚಿಕೋ.

— ಎಲ್ಲರೆದುರಾ?

— ಯಾಕೆ, ಬೋಟಿನಲ್ಲಿ ಯಾರಿಗೂ ಗೊತ್ತಿಲ್ಲವಾ?

— ಇಲ್ಲೆ.

— ಬೋಟು ನಡೆಸುವ ತಾಂಡೇಲನಿಗೆ?

— ಅವನಿಗೂ ಇಲ್ಲೆ. ಅಕ್ಕನಿಗೆ ಸಂಬಂಧ ನೋಡ್ತಿದ್ದಾರೆ. ಮನೆಯಲ್ಲಿ ಶುಗರ್ ಇದೆ ಅಂತ ಸುದ್ದಿ ಆದ್ರೆ ಯಾರು ಬತ್ರು?

ಊರಿನಲ್ಲಿ ಈ ಕಾಯಿಲೆಯ ಅರ್ಧ ಭಾರ ಇಲ್ಲಿದೆ. ಅರವತ್ತರ ಶುಗರನ್ನು ಜನ ಮದುವೆ ಮನೆಯಲ್ಲೇ ಹೇಳಿಕೊಂಡು ಪಾಯಸ ಬೇಡ ಎನ್ನುತ್ತಾರೆ. ಹದಿನೈದರ ಶುಗರನ್ನು ಬಾಗಿಲು ಹಾಕಿ ಚುಚ್ಚಿಕೊಳ್ಳುತ್ತಾರೆ. ಹೊತ್ತು ತಪ್ಪುವುದು ಮರೆವಿನಿಂದ ಎಂದು ಪುಸ್ತಕಗಳು ಹೇಳುತ್ತವೆ. ಎಷ್ಟೋ ಸಲ ಅದು ಯಾರೂ ಕಾಣದ ಕೋಣೆ ಸಿಗುವವರೆಗೆ ಕಾದದ್ದರಿಂದ.

— ಕಾಣ್ ಮಗಾ, ಸಂಬಂಧದ ವಿಷಯ ನಿನ್ನ ಆಯಿ ಹತ್ತಿರ ನಾನು ಮಾತಾಡ್ತೇನೆ. ಆದ್ರೆ ಬೋಟಿನಲ್ಲಿ ಒಬ್ಬನಿಗಾದ್ರೂ ಗೊತ್ತಿರಲೇಬೇಕು. ಮನೆಯಲ್ಲಿ ಲೋ ಆದ್ರೆ ಚಾಪೆ ಮೇಲೆ ಬೀಳ್ತೀಯ. ಅಲ್ಲಿ ಲೋ ಆದ್ರೆ ನೀರಿಗೆ. ತಲೆ ತಿರುಗಿ ಅಡ್ಡಾದಿಡ್ಡಿ ಮಾತಾಡಿದ್ರೆ ಕುಡಿದಿದ್ದಾನೆ ಅಂತ ಮೂಲೆಗೆ ಮಲಗಿಸ್ತಾರೆ, ಅಲ್ಲಿಗೆ ಮುಗೀತು. ಎಚ್ಚರ ಇದ್ದಾಗ ಗ್ಲೂಕೋಸ್ ಪುಡಿ ಮೂರು ಚಮಚ ನೀರಿಗೆ ಕಲಸಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ನೋಡಿ ಮತ್ತೆ ಕೊಡಬೇಕು, ಎಚ್ಚರ ತಪ್ಪಿದ್ರೆ ಬಾಯಿಗೆ ಎಂತದೂ ಹಾಕಬಾರದು, ದಡಕ್ಕೆ ತರಬೇಕು. ಇಷ್ಟು ಒಬ್ಬನಿಗೆ ಹೇಳಿಕೊಡಲಿಕ್ಕೆ ಎಷ್ಟು ಹೊತ್ತು ಬೇಕು?

— ಆಯ್ತು. ಬಲೆ ಎಳೆಯುವ ದಿನಕ್ಕೆ ಡೋಸ್ ಕಡಿಮೆ ಮಾಡುದಾ?

— ಮೊದಲು ಕಡಿಮೆ ಮಾಡಬೇಕಾದ್ದು ಬೆಳಗಿನ ಗಂಜಿಗೆ ಹಾಕುವ ರ‍್ಯಾಪಿಡ್. ಗಂಜಿಗೆ ಪೂರ್ತಿ ಹಾಕಿ ಕೂಡಲೇ ಮೈಮುರಿದು ಎಳೆದ್ರೆ ಲೋ ಆಗದೆ ಇನ್ನೆಂತ ಆಗ್ತದೆ? ಅಷ್ಟಕ್ಕೂ ತಡೆಯದಿದ್ರೆ ಹಿಂದಿನ ಸಂಜೆಯ ಲಾಂಗ್ ಆಕ್ಟಿಂಗನ್ನು ಐದರಲ್ಲೊಂದು ಪಾಲು ತಗ್ಗಿಸುವ ರೂಢಿ ಇದೆ. ನಿನಗೆ ಎಷ್ಟು ಅಂತ ಡಾಕ್ಟ್ರೇ ಹೇಳಬೇಕು, ನಾನಲ್ಲ. ಪೂರ್ತಿ ಬಿಡುದು ಮಾತ್ರ ಯಾವ ದಿನಕ್ಕೂ ಇಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ಅದು ಸಮುದ್ರದ ಪಿತ್ತ ಅಂತ ಸುಮ್ಮನಿರಬೇಡ. ಇನ್ಸುಲಿನ್ ಇಲ್ಲದೆ ರಕ್ತ ಹುಳಿಯಾಗುವಾಗಲೂ ಹಾಗೇ ಆಗ್ತದೆ.

— ಹತ್ತು ಗಂಟೆಯಿಂದ ಏಳಕ್ಕೆ ತರುದು ಹೇಗೆ? ನಾಳೆಯೇ ಏಳಕ್ಕೆ ಹಾಕಿಬಿಡ್ಲಾ?

— ಮೂರು ಗಂಟೆ ಒಮ್ಮೆಲೇ ಬೇಡ. ದಿನಕ್ಕೊಂದು ಗಂಟೆ ಹಿಂದೆ ತಾ. ಒಂಬತ್ತು, ಎಂಟು, ಏಳು. ಬೆಳಿಗ್ಗೆಗೆ ತರುದಾದ್ರೆ ದೊಡ್ಡ ಜಿಗಿತ, ನಡುವೆ ಅರ್ಧ ಡೋಸ್ ಕೊಟ್ಟು ದಾಟಿಸ್ತಾರೆ. ಇದು ಸುಲಭ. ಆದ್ರೂ ಸೀಸನ್ ನಡುವೆ ಬೇಡ ಅಂತ ನನ್ನ ಅಭಿಪ್ರಾಯ. ಇನ್ನೇನು ಜೂನ್ ಬಂತು. ಬೋಟು ಮೇಲೆ ಹಾಕಿದ ಮೇಲೆ ಸುರು ಮಾಡು. ಆಗ ರಾತ್ರಿ ಒಂದಕ್ಕೆ ನಾಲ್ಕಕ್ಕೆ ಎದ್ದು ನೋಡಿದ್ರೂ ಮರುದಿನ ಮಲಗಬಹುದು. ಎರಡು ಮೂರು ದಿನ ಬಿಟ್ಟಲ್ಲದೆ ಹೊಸ ಹೊತ್ತು ಹೊಂದಿಕೆ ಆಗುದಿಲ್ಲ, ಮೊದಲ ದಿನದ ನಂಬರ್ ನೋಡಿ ಡೋಸ್ ಬದಲಿಸಬೇಡ.

— ಮತ್ತೆ ಆಗಸ್ಟಿಗೆ ಬೋಟು ಇಳಿಸಿದಾಗ?

— ಆಗ ಎಲ್ಲ ಲೆಕ್ಕ ಮತ್ತೆ ಹೊಸತು. ಎರಡು ತಿಂಗಳು ಕೂತು ಮೀನ್ ಸಾರು ಉಂಡ ಮೈಗೆ ಸರಿಯಾದ ಡೋಸ್ ಬಲೆ ಎಳೆಯುವ ಮೈಗೆ ಜಾಸ್ತಿ ಆಗ್ತದೆ. ಹೊತ್ತು ಅದೇ ಇರ್ಲಿ, ಡೋಸ್ ಇಳಿಸುದು ಎಷ್ಟು ಅಂತ ಜುಲೈ ಕೊನೆಗೇ ಹೋಗಿ ಕೇಳಿಕೊಂಡು ಬಾ. ಮಣಿಪಾಲಕ್ಕಾದ್ರೂ ಹೋಗು, ಕುಂದಾಪುರಕ್ಕಾದ್ರೂ ಹೋಗು.

— ಕುಂದಾಪುರ ಇಲ್ಲೇ ಎದುರಿಗೆ ಕಾಣ್ತದೆ, ಬಸ್ಸಲ್ಲಿ ಹೋಪುದಾದ್ರೆ ತ್ರಾಸಿ ಸುತ್ತಿ ಅರ್ಧ ದಿನ ಹಾಳು.

— ನೀನು ಬೋಟಿನವ, ನನಗೆ ಹೊಳೆ ದಾಟುದು ಹೇಳಿಕೊಡಬೇಕಾ? ಒಂದು ಮಾತು. ಹೊತ್ತು ಬದಲಿಸುದು ಜೂನಿಗೆ. ತಾಂಡೇಲನಿಗೆ ಹೇಳುದು ನಾಳೆಗೆ.

— ಅವ ನನ್ನನ್ನು ಬೋಟಿಂದ ಇಳಿಸಿದ್ರೆ?

— ಇಳಿಸಿದ್ರೆ ಇನ್ನೊಂದು ಬೋಟು ಹತ್ತು. ಗಂಗೊಳ್ಳಿಯಲ್ಲಿ ಬೋಟಿಗೆ ಎಂತ ಬರ ಬಂದಿದೆಯಾ? ಜನಕ್ಕೆ ಬರ ಇರುದು. ಎಷ್ಟು ಬೋಟಿಗೆ ಕಲಾಸಿಗಳನ್ನು ಹೊರರಾಜ್ಯದಿಂದ ಕರ್ಕೊಂಡು ಬರ್ತಾರೆ ಅಂತ ನೀನೇ ಮೊನ್ನೆ ಹೇಳಿದ್ದಲ್ವಾ.